ಅಪ್‌ಡೇಟ್: 1,82,000 ಕಿ.ಮೀ. ಓಡಿದ ಡೀಸೆಲ್ ಕಾರು ಮತ್ತು ಪಿ0299 ಕೋಡ್

ಸಾಗರದಲ್ಲಿ ಮಾರಾಟಕ್ಕಿದ್ದ ಈ ಕಾರಿನ ಸ್ಕ್ಯಾನಿಂಗ್‌ನಲ್ಲಿ ಪಿ0299, ಪಿ0401 ಎಂಬ ದೋಷಸೂಚಕ ಕೋಡ್‌ಗಳು ಕಂಡದ್ದರಿಂದ ಅದನ್ನು ಕೊಳ್ಳಬಹುದೇ ಎಂದು ಕಳೆದ ವಾರ ಕೇಳಿದ್ದೆ. ತಾವು ಸೂಚಿಸಿದಂತೆ ಕೋಡ್‌ಗಳನ್ನು ಅಳಿಸಿ, ಮಾಲೀಕರನ್ನೂ ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತಿದೆವು. ಅರ್ಧ ಏರುವಷ್ಟರಲ್ಲಿ ಎಳೆತ ಕುಗ್ಗಿ, ಹಿಂದೆ ಕಪ್ಪು ಹೊಗೆ ಕಾಣಿಸಿ, ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಒತ್ತಡ ಸಾಲದೆಂದು ಹೇಳುವ ಪಿ0299 ಮರಳಿ ಬಂತು. ಇಜಿಆರ್‌ಗೆ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಸಂಬಂಧಿಸಿದ ಪಿ0401 ಈವರೆಗೆ ಬಂದಿಲ್ಲ.

ಟರ್ಬೊವೇ ಹೋಗಿದೆಯೆಂದು ನಾನು ಆಸೆ ಬಿಟ್ಟಿದ್ದೆ. ಆದರೆ ಶಿವಮೊಗ್ಗದ ಮೆಕ್ಯಾನಿಕ್ ಮೊದಲು ಟರ್ಬೊ ಒತ್ತಿದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ನ ಹೋಸನ್ನು ತಡವಿ ನೋಡಿದರು: ಕ್ಲಾಂಪಿನ ಅಡಿಯಲ್ಲಿ ಬೆರಳುದ್ದದ ಸೀಳು, ಸುತ್ತಲೂ ಎಣ್ಣೆಯ ಜಿಗುಟು, ಅದಕ್ಕಂಟಿದ ಕೆಂಪು ಧೂಳು. ಒತ್ತಡದ ಗಾಳಿ ಅಲ್ಲಿಂದಲೇ ಸೋರುತ್ತಿತ್ತು. ಹೋಸ್ ಬದಲಿಸಿದ ಮೇಲೆ ಅದೇ ಏರಿನಲ್ಲಿ ಕೋಡ್ ಬರಲಿಲ್ಲ. ಕ್ಲಚ್ ಮಾತ್ರ ಸವೆದಿದೆ (ಘಾಟಿಯಲ್ಲಿ ಓಡಿದ ಕಾರಿಗೆ ಅದು ಅಚ್ಚರಿಯೇನಲ್ಲ). ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಲು ಮಾಲೀಕರು ಒಪ್ಪಿರುವುದರಿಂದ ಮುಂಗಡ ಕೊಟ್ಟು ಬಂದಿದ್ದೇನೆ.