ಊರಿನ ಕೇಬಲ್ ಚಾನೆಲ್‌ನಲ್ಲಿ ದಿನಕ್ಕೆ 30 ಸ್ಪಾಟ್: ನಿಜಕ್ಕೂ ಎಷ್ಟು ಮನೆ ಮುಟ್ಟುತ್ತೆ?

ಪ್ರಶ್ನೆ:
ದಾವಣಗೆರೆಯಲ್ಲಿ ಸೀರೆ ಅಂಗಡಿ. ದೀಪಾವಳಿಗೆ ಮುಂಚೆ ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಜಾಹೀರಾತು ಹಾಕಬೇಕು. 10 ಸೆಕೆಂಡ್ ಸ್ಪಾಟ್, ದಿನಕ್ಕೆ 30 ಸಲ, 1 ತಿಂಗಳ ಪ್ಯಾಕೇಜ್ ಅಂತಿದ್ದಾರೆ. ಟಿಆರ್‌ಪಿ ಕೇಳಿದರೆ ಉತ್ತರವಿಲ್ಲ. ಏನು ನೋಡಿ ತೀರ್ಮಾನಿಸೋದು?

ಉತ್ತರ 1:
ಟಿಆರ್‌ಪಿ ಮುಚ್ಚಿಡ್ತಿಲ್ಲ, ಅವರ ಹತ್ತಿರ ಇರೋದೇ ಇಲ್ಲ. ಯಾವ ಚಾನೆಲ್ ಎಷ್ಟು ಜನ ನೋಡ್ತಾರೆ ಅಂತ ಅಳೆಯುವ ಬಾರ್ಕ್ ಸಂಸ್ಥೆ ಮೀಟರ್ ಕೂರಿಸೋದು ಆಯ್ದ ಕೆಲವೇ ಮನೆಗಳಲ್ಲಿ. ಅದನ್ನು ಒಂದೂರಿಗೆ ಇಳಿಸಿದರೆ ಲೆಕ್ಕ ನಿಲ್ಲಲ್ಲ. ಈ ತಿಂಗಳು ರೀಚಾರ್ಜ್ ಆಗಿರುವ ಬಾಕ್ಸ್ ಎಷ್ಟು, ಯಾವ ಬಡಾವಣೆಯಲ್ಲಿ ಎಷ್ಟು ಅಂತ ಕೇಳಿ. ಡಿಟಿಎಚ್, ಡಿಡಿ ಫ್ರೀ ಡಿಶ್ ಇರುವ ಮನೆಗೆ ಕೇಬಲ್‌ನವರ ಲೋಕಲ್ ಚಾನೆಲ್ ಬರೋದಿಲ್ಲ. ನಿಮ್ಮ ಗಿರಾಕಿಗಳಲ್ಲಿ ಸುತ್ತಲ ಹಳ್ಳಿಯವರೇ ಜಾಸ್ತಿ ಇದ್ದರೆ ಮೊದಲು ಇದನ್ನೇ ನೋಡಿ.

ಉತ್ತರ 2:
30ರ ಸಂಖ್ಯೆ ನಂಬಬೇಡಿ. ಸಂಜೆ 7ರಿಂದ 10 ಧಾರಾವಾಹಿ ಹೊತ್ತು, ಸೀರೆ ಕೊಳ್ಳುವವರು ಝೀ ಕನ್ನಡ, ಕಲರ್ಸ್ ಕನ್ನಡ ಬಿಟ್ಟು ಏಳಲ್ಲ. ಊರಿನ ಚಾನೆಲ್‌ಗೆ ಬರೋದು ಲೋಕಲ್ ಸುದ್ದಿಗೆ, ಜಾತ್ರೆ, ಗಣೇಶನ ಮೆರವಣಿಗೆಯ ಲೈವ್‌ಗೆ. 30ರಲ್ಲಿ 18 ಸ್ಪಾಟ್ ರಾತ್ರಿ 12ರಿಂದ ಬೆಳಗಿನ 6ರೊಳಗೆ ತುರುಕಿದರೆ ನಿಮಗೆ ಉಳಿಯೋದು 12. ಸುದ್ದಿ ಮತ್ತು ಅದರ ಮರುಪ್ರಸಾರದ ವಿರಾಮಗಳಲ್ಲೇ 10 ಸ್ಪಾಟ್ ಕೇಳಿ, ಸಮಯ ಬರಹದಲ್ಲಿರಲಿ. ಬಿಲ್ ಜೊತೆ ಪ್ರಸಾರದ ಲಾಗ್, ಅಂದರೆ ಯಾವ ಸ್ಪಾಟ್ ಎಷ್ಟು ಹೊತ್ತಿಗೆ ಬಂತು ಅನ್ನೋ ದಾಖಲೆ, ತಗೊಳ್ಳಿ. ಹೇಳಿದ ರೇಟಿನಲ್ಲಿ 18% ಜಿಎಸ್‌ಟಿ ಸೇರಿದೆಯಾ ಅನ್ನೋದೂ ಖಚಿತವಾಗಲಿ.

ಉತ್ತರ 3:
ಅಡ್ವಾನ್ಸ್ ಕೊಡುವ ಮುಂಚೆ ಬಿಲ್ಲಿಂಗ್ ಕೌಂಟರ್‌ನಲ್ಲಿ 100 ಜನರನ್ನು ಕೇಳಿ: ಯಾವ ಏರಿಯಾ, ಕೇಬಲ್ಲೋ ಡಿಶ್ಶೋ ಬರೀ ಮೊಬೈಲೋ, ನಿನ್ನೆ ರಾತ್ರಿ ಯಾವ್ಯಾವ ಚಾನೆಲ್ ಹಾಕಿದ್ರಿ. "ನಿನ್ನೆ" ಅಂತಲೇ ಕೇಳಬೇಕು. "ಸಾಮಾನ್ಯವಾಗಿ" ಅಂದರೆ ಜನ ತಮಗೆ ಗೌರವ ಅನ್ನಿಸಿದ ಉತ್ತರ ಕೊಡ್ತಾರೆ. ಶನಿವಾರ, ಭಾನುವಾರದ ರಾತ್ರಿ ರಿಯಾಲಿಟಿ ಶೋಗಳಿಂದ ನೋಡುವ ರೀತಿಯೇ ಬದಲಾಗುತ್ತೆ, ಹಾಗಾಗಿ ಎರಡು ವಾರ ಹರಡಿ ಕೇಳಿ.

ಉದಾಹರಣೆಗೆ 40 ಜನ ಕೇಬಲ್‌ನವರು, ಅವರಲ್ಲಿ 8 ಜನ ಲೋಕಲ್ ಚಾನೆಲ್ ಹಾಕಿದ್ದರು ಅನ್ನಿ. ಆಪರೇಟರ್ 10,000 ಬಾಕ್ಸ್ ಅಂದರೂ ನಿಮ್ಮ ಲೆಕ್ಕಕ್ಕೆ 2,000 ಮನೆ. ಪ್ಯಾಕೇಜ್ ರೇಟನ್ನು ಇದರಿಂದ ಭಾಗಿಸಿ, ಪಾಂಪ್ಲೆಟ್ ಹಂಚುವ ಖರ್ಚಿನ ಜೊತೆ ಇಟ್ಟು ನೋಡಿ. ಒಂದು ಎಚ್ಚರ: ಕೌಂಟರ್‌ಗೆ ಬರೋರು ಆಗಲೇ ನಿಮ್ಮ ಗಿರಾಕಿಗಳು. ಹೊಸಬರು ಬರಬೇಕಾದ ಬಡಾವಣೆಯ 25-30 ಮನೆಯನ್ನೂ ಬೇರೆಯಾಗಿ ಕೇಳಿ.

ಪ್ರಶ್ನೆ ಕೇಳಿದವರು:
ಸ್ಪಾಟ್ ಬದಲು ಕೆಳಗೆ ಓಡುವ ಸ್ಕ್ರೋಲ್ ಸಾಕಾ?

ಉತ್ತರ 2:
ಅಂಗಡಿ ಹೆಸರು ಗೊತ್ತಿರೋರಿಗೆ ಆಫರ್ ತಾರೀಕು ತಿಳಿಸೋಕೆ ಸಾಕು. ಹೊಸ ಹೆಸರಿಗೆ ಆಗಲ್ಲ, ಯಾಕಂದ್ರೆ ಸ್ಕ್ರೋಲ್‌ಗೆ ಧ್ವನಿ ಇಲ್ಲ. ಸುದ್ದಿ ಹೊತ್ತಿಗೆ ಟಿವಿ ಹಾಲ್‌ನಲ್ಲಿ, ಕಿವಿ ಅಡುಗೆಮನೆಯಲ್ಲಿ. ಸ್ಪಾಟ್ ಮಾಡಿಸಿದರೆ ಮೊದಲ 3 ಸೆಕೆಂಡ್‌ನಲ್ಲೇ ಅಂಗಡಿ ಹೆಸರು ಕೇಳಿಸಲಿ, ಕೊನೆಗೆ ಇನ್ನೊಮ್ಮೆ ಹೆಸರು, ಯಾವ ಸರ್ಕಲ್ ಪಕ್ಕ ಅನ್ನೋದು. ಫೋನ್ ನಂಬರ್ ಓದಿಸಿ ಸಮಯ ಹಾಳು ಮಾಡಬೇಡಿ, ತೆರೆ ಮೇಲೆ 4 ಸೆಕೆಂಡ್ ನಿಂತರೆ ಸಾಕು. ಆ ನಂಬರ್ ಬೇರೆಲ್ಲೂ ಹಾಕದ ಹೊಸ ಸಿಮ್‌ನದ್ದಾಗಿರಲಿ, ಅದಕ್ಕೆ ಬಂದ ಕಾಲ್ ಅಷ್ಟೂ ಟಿವಿಯ ಲೆಕ್ಕ.