ಎಲ್ಲರ ಹಾಳೆಯಲ್ಲೂ ಅದೇ ಎರಡು ಬೆಟ್ಟ, ಅದೇ ಸೂರ್ಯ: ಏನು ಮಾಡಲಿ?

ಐದನೆಯ ತರಗತಿಗೆ ಕಲಿಸುತ್ತೇನೆ. ‘ನಿಮಗೆ ತೋಚಿದ ಚಿತ್ರ ಬಿಡಿಸಿ’ ಎಂದರೆ ಮುಕ್ಕಾಲು ಪಾಲು ಮಕ್ಕಳು ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಮನೆ ಬಿಡಿಸುತ್ತಾರೆ. ಕಥೆ ಬರೆಸಿದರೆ ಎಲ್ಲರದೂ ‘ಒಂದಾನೊಂದು ಕಾಲದಲ್ಲಿ ಒಬ್ಬ ರಾಜನಿದ್ದನು’. ಪಾಠ ಮುಗಿಸುವ ಒತ್ತಡದಲ್ಲಿ ಸೃಜನಶೀಲತೆಗೆಂದು ಬೇರೆ ಅವಧಿ ಸಿಗುವುದಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ವಿಜ್ಞಾನ ಶಿಕ್ಷಕರೊಬ್ಬರು:
ಬೇರೆ ಅವಧಿ ಬೇಡ ಮೇಡಂ. ನಾನು ಮೊದಲು ತಿದ್ದಿಕೊಂಡದ್ದು ನನ್ನ ಆತುರವನ್ನು. ಪ್ರಶ್ನೆ ಕೇಳಿದ ಕೂಡಲೇ ಮೊದಲು ಕೈ ಎತ್ತಿದವರಿಂದ ಉತ್ತರ ಹೇಳಿಸಿ ಮುಂದೆ ಹೋಗುತ್ತಿದ್ದೆ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಶಿಕ್ಷಕರು ಉತ್ತರಕ್ಕಾಗಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆಂದು 1970ರ ದಶಕದಲ್ಲಿ ತೋರಿಸಿದರು. 3 ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಮಕ್ಕಳೇ ಪ್ರಶ್ನೆ ಕೇಳತೊಡಗುತ್ತಾರೆ. ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಆದರೂ ಮನಸ್ಸಿನಲ್ಲೇ ಎಣಿಸುತ್ತ ನಿಂತೆ; ಆ ಮೌನವನ್ನು ತಡೆದುಕೊಳ್ಳುವುದು ನಿಜಕ್ಕೂ ಕಷ್ಟ. ಎರಡು ವಾರದ ಮೇಲೆ, ಎಂದೂ ಬಾಯಿ ತೆರೆಯದಿದ್ದ ಹುಡುಗಿ ಕೇಳಿದಳು: ‘ಸಮುದ್ರದ ನೀರು ಆವಿಯಾಗುವಾಗ ಉಪ್ಪೂ ಮೇಲೆ ಹೋಗುತ್ತದೆಯೇ?’ ಪಾಠ ಅಲ್ಲಿಗೇ ನಿಲ್ಲಿಸಿ ತಟ್ಟೆಯಲ್ಲಿ ಉಪ್ಪುನೀರು ಹಾಕಿ ಬಿಸಿಲಿಗಿಟ್ಟೆವು. ನೀರು ಆರಿ ತಳದಲ್ಲಿ ಬಿಳಿ ಉಪ್ಪು ಕಂಡಾಗ ಅವಳ ಮುಖ ನೋಡಬೇಕಿತ್ತು. ಆ ವರ್ಷ ಜಲಚಕ್ರವನ್ನು ಎರಡನೆಯ ಸಲ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಚಿತ್ರಕಲಾ ಶಿಕ್ಷಕಿಯೊಬ್ಬರು:
‘ತೋಚಿದ್ದು ಬಿಡಿಸಿ’ ಎನ್ನುವುದು ಮಗುವನ್ನು ದಾರಿಯಿಲ್ಲದ ಬಯಲಿನಲ್ಲಿ ಬಿಟ್ಟ ಹಾಗೆ. ಗೊತ್ತಿರುವ ಬೆಟ್ಟದ ಕಡೆಗೇ ಓಡುತ್ತದೆ. ಒಂದು ಕಟ್ಟುಪಾಡು ಹಾಕಿ ನೋಡಿ. ‘ಇರುವೆಯ ಕಣ್ಣಿಗೆ ನಮ್ಮ ತರಗತಿ ಹೇಗೆ ಕಾಣುತ್ತದೆ?’ ಎಂದು ಕೇಳಿದ್ದೆ. ಬೆಂಚಿನ ಕಾಲುಗಳು ಗೋಪುರಗಳಾದವು. ಒಬ್ಬ ಹುಡುಗ ಹಾಳೆಯ ತುಂಬ ಒಂದೇ ಒಂದು ಹೆಬ್ಬೆರಳು ಬಿಡಿಸಿದ್ದ. ಕಥೆಗೂ ಹೀಗೆಯೇ, ಕೊನೆಯ ವಾಕ್ಯ ಕೊಟ್ಟು ಆರಂಭ ಬರೆಸಿ.

ತಾಯಿಯೊಬ್ಬರು:
ಬಹುಮಾನದ ವಿಷಯದಲ್ಲಿ ಎಚ್ಚರವಿರಲಿ. ಮಗಳ ಪ್ರತಿ ಚಿತ್ರಕ್ಕೂ ನಕ್ಷತ್ರದ ಚೀಟಿ ಅಂಟಿಸುತ್ತಿದ್ದೆ. ಕೆಲವೇ ದಿನಗಳಲ್ಲಿ ‘ಇದಕ್ಕೆ ನಕ್ಷತ್ರ ಸಿಗುತ್ತದೆಯೇ?’ ಎಂದು ಕೇಳಿಯೇ ಪೆನ್ಸಿಲ್ ಹಿಡಿಯತೊಡಗಿದಳು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತ್ತು: ಬಹುಮಾನ ಸಿಗುತ್ತದೆಂದು ಮೊದಲೇ ತಿಳಿದು ಚಿತ್ರ ಬಿಡಿಸಿದ ಪುಟ್ಟ ಮಕ್ಕಳು ಆಮೇಲೆ ತಾವಾಗಿಯೇ ಬಿಡಿಸುವುದನ್ನು ಕಡಿಮೆ ಮಾಡಿದ್ದರು. ಹೇಳದೆ ಕೊಟ್ಟಾಗ ಹಾಗಾಗಲಿಲ್ಲ. ಈಗ ಚೀಟಿ ಬಿಟ್ಟಿದ್ದೇನೆ. ಪಕ್ಕದಲ್ಲಿ ಕುಳಿತು ‘ಈ ಮೂಲೆಯಲ್ಲಿ ಏನಾಗುತ್ತಿದೆ?’ ಎಂದು ಕೇಳುತ್ತೇನೆ. ಮಾತು ಮುಗಿಯುವುದೇ ಇಲ್ಲ.

ಭಾಷಾ ಶಿಕ್ಷಕರೊಬ್ಬರು:
ಕಥೆಯ ಮೊದಲ ಕರಡಿನ ಮೇಲೆ ಕೆಂಪು ಶಾಯಿ ಹಾಕಬೇಡಿ. ಕಾಗುಣಿತ ಎರಡನೆಯ ಕರಡಿಗಿರಲಿ.

ಕೇಳಿದವರು, ವಾರದ ನಂತರ:
ಎಲ್ಲರಿಗೂ ಧನ್ಯವಾದಗಳು. ಇರುವೆಯ ಚಿತ್ರ ಬಿಡಿಸಿದೆವು. ಹನ್ನೊಂದು ಮಕ್ಕಳು ದೊಡ್ಡದೊಂದು ಇರುವೆ ಬಿಡಿಸಿ ಅದರ ಹಿಂದೆ ಮತ್ತೆ ಎರಡು ಬೆಟ್ಟ, ಸೂರ್ಯ ಇಟ್ಟಿದ್ದಾರೆ. ನಾಳೆ ಎಲ್ಲರನ್ನೂ ನೆಲದ ಮೇಲೆ ಮಲಗಿಸಿ, ಅಲ್ಲಿಂದಲೇ ಬಾಗಿಲನ್ನು ನೋಡಿಸುತ್ತೇನೆ. ನಾನೂ ಮಲಗಿ ನೋಡುತ್ತೇನೆ.