ಅಪ್‌ಡೇಟ್: ಲಾಗ್ ಫೈಲ್‌ಗಳೊಳಗೆ ಮಾತ್ರ ಪದ ಹುಡುಕುವುದು – ದಾರಿ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ಒಂದರೊಳಗೊಂದು ಇರುವ ಫೋಲ್ಡರ್‌ಗಳಲ್ಲಿ ಡಾಟ್ ಲಾಗ್ ಫೈಲ್‌ಗಳನ್ನಷ್ಟೇ ನೋಡಿ, 'ಟೈಮ್‌ಔಟ್' ಎಂಬ ಪದವನ್ನು ಕಮಾಂಡ್ ಲೈನ್‌ನಲ್ಲಿ ಹುಡುಕುವುದು ಹೇಗೆ ಅಂತ. ಕೆಲಸ ಆಯಿತು, ಎಲ್ಲರಿಗೂ ಥ್ಯಾಂಕ್ಸ್.

ಕೈ ಹಿಡಿದದ್ದು ಗ್ರೆಪ್‌ನ (ಫೈಲ್‌ಗಳೊಳಗೆ ಪದ ಹುಡುಕುವ ಕಮಾಂಡ್) ಇನ್‌ಕ್ಲೂಡ್ ಆಪ್ಷನ್. ಗ್ರೆಪ್, ಮೈನಸ್ ಆರ್‌ಎನ್, ಆಮೇಲೆ ಎರಡು ಮೈನಸ್ ಹಾಕಿ ಇನ್‌ಕ್ಲೂಡ್, ಈಕ್ವಲ್ಸ್, ಕೋಟ್ ಒಳಗೆ ಸ್ಟಾರ್ ಡಾಟ್ ಲಾಗ್, ನಂತರ ಹುಡುಕುವ ಪದ, ಕೊನೆಗೆ ಈಗಿರುವ ಫೋಲ್ಡರ್‌ಗೆ ಒಂದು ಡಾಟ್. ಫೈಲ್ ಹೆಸರು, ಸಾಲಿನ ನಂಬರ್ ಎರಡೂ ಬರುತ್ತವೆ.

ಇನ್‌ಕ್ಲೂಡ್ ಬಿಟ್ಟು ಸುಮ್ನೆ ಕೊನೆಗೆ ಸ್ಟಾರ್ ಡಾಟ್ ಲಾಗ್ ಕೊಡಿ ಎಂದ ಸಲಹೆ ಮಾತ್ರ ಒಳಗಿನ ಫೋಲ್ಡರ್‌ಗಳನ್ನು ಮುಟ್ಟಲಿಲ್ಲ. ಗ್ರೆಪ್ ಶುರುವಾಗುವ ಮೊದಲೇ ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಆ ಸ್ಟಾರ್ ಬಿಡಿಸಿ, ಇದೇ ಫೋಲ್ಡರ್‌ನ ಫೈಲ್ ಹೆಸರುಗಳನ್ನು ತುಂಬಿಬಿಡುತ್ತದೆ. ಅದಕ್ಕೇ ಮೇಲಿನದರಲ್ಲಿ ಕೋಟ್ ಬೇಕು.

ಫೈಲ್‌ಗಳನ್ನು ಹುಡುಕುವ ಫೈಂಡ್, ಸಿಕ್ಕ ಹೆಸರುಗಳನ್ನು ಗ್ರೆಪ್‌ಗೆ ದಾಟಿಸುವ ಎಕ್ಸ್‌ಆರ್ಗ್ಸ್, ಈ ಎರಡನ್ನೂ ಸೇರಿಸಿದ ದಾರಿ, ಹೆಸರಲ್ಲಿ ಸ್ಪೇಸ್ ಇದ್ದ ಫೈಲ್‌ಗಳ ಹತ್ತಿರ ಎಡವಿತು. ಫೈಂಡ್‌ಗೆ ಮೈನಸ್ ಪ್ರಿಂಟ್ ಸೊನ್ನೆ, ಎಕ್ಸ್‌ಆರ್ಗ್ಸ್‌ಗೆ ಮೈನಸ್ ಸೊನ್ನೆ ಕೊಟ್ಟರೆ ಅದೂ ಸರಿಹೋಗುತ್ತದೆ.

ಆಶ್ಚರ್ಯ ಆಗಿದ್ದು ಗ್ರೆಪ್‌ನಂಥದೇ ಇನ್ನೊಂದು ಟೂಲ್ ರಿಪ್‌ಗ್ರೆಪ್ ನೋಡಿ. ವೇಗ ಜಾಸ್ತಿ, ಆದರೆ ಏನೂ ಸಿಗಲಿಲ್ಲ! ಗಿಟ್‌ಇಗ್ನೋರ್‌ನಲ್ಲಿ (ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್ ಕಡೆಗಣಿಸಬೇಕಾದ ಫೈಲ್‌ಗಳ ಪಟ್ಟಿ) ಇರುವ ಫೈಲ್‌ಗಳನ್ನು ಅದು ತಾನಾಗಿಯೇ ಬಿಟ್ಟುಬಿಡುತ್ತದೆ. ಲಾಗ್ ಫೈಲ್‌ಗಳು ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಇರುತ್ತವೆ, ಅಲ್ವಾ? ನೋ ಇಗ್ನೋರ್ ಆಪ್ಷನ್ ಸೇರಿಸಿದ ಮೇಲೆ ಎಲ್ಲ ಸಾಲುಗಳೂ ಬಂದವು.